ಗ್ರಹಕೂಟವೂ ಉತ್ತರಾಯಣವೂ



ಚಳಿಗಾಲ ಮೊದಲಾಗಿ, ಧನುರ್ಮಾಸದ ಪೂಜೆಗೆಂದು ದೇವಸ್ಥಾನಗಳಲ್ಲಿ ನಸುಕಿನಲ್ಲೇ ಗಂಟೆ ಕೇಳಿಸತೊಡಗಿತೆಂದರೆ, ನಮ್ಮ ಕಡೆ ಎರಡು ಪ್ರಶ್ನೆಗಳೂ ಕೇಳಿಸತೊಡಗುತ್ತವೆ. ಉತ್ತರಾಯಣ ಎಂದಿಗೆ? ಮುಂದಿನ ವರ್ಷ ಗ್ರಹಗತಿ ಹೇಗಿದೆ? ಮೊದಲನೆಯದು ಆಕಾಶವನ್ನು ಕುರಿತದ್ದು, ಎರಡನೆಯದು ನಮ್ಮನ್ನು ಕುರಿತದ್ದು. ಎರಡಕ್ಕೂ ಉತ್ತರವನ್ನು ಒಂದೇ ಪಂಚಾಂಗದಲ್ಲಿ ಹುಡುಕುವುದರಿಂದ ಎರಡು ಉತ್ತರಗಳೂ ಒಂದೇ ತೂಕದವೆಂದು ನಾವು ಭಾವಿಸುತ್ತೇವೆ. ನಮ್ಮ ಪ್ರಾಚೀನರು ಹಾಗೆ ಭಾವಿಸಿದವರಲ್ಲ. ಅವರು ಜ್ಯೋತಿಷವನ್ನು ಗಣಿತ, ಹೋರಾ, ಸಂಹಿತಾ ಎಂದು ಮೂರು ಸ್ಕಂಧಗಳಾಗಿ ಬೇರೆಮಾಡಿ ಇಟ್ಟಿದ್ದರು. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಜೋಯಿಸನೂ ಅಲ್ಲ, ಖಗೋಳ ವಿಜ್ಞಾನಿಯೂ ಅಲ್ಲ. ಆದರೆ ಹಳೆಯ ಗ್ರಂಥಗಳನ್ನು ಓದುವವನಿಗೆ ಪಂಚಾಂಗದ ಸಹವಾಸ ತಪ್ಪಿದ್ದಲ್ಲ. ಆ ಸಲುಗೆಯಿಂದ ಈ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಬೇಕೆಂದು ನನ್ನ ಆಶಯ.

ಮೊದಲು ಉತ್ತರಾಯಣವನ್ನು ನೋಡೋಣ. ಇದಕ್ಕೆ ಗ್ರಂಥವೇ ಬೇಡ. ಒಂದು ಕೋಲು ಸಾಕು. ಬೆಂಗಳೂರಿನ ದಕ್ಷಿಣದಂಚಿನಲ್ಲಿರುವ ನಮ್ಮ ಅಂಜನಾಪುರದ ಮನೆಯ ಮಾಳಿಗೆಯ ಮೇಲೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ ನಡುಹಗಲಿನ ನೆರಳನ್ನು ಅಳೆಯುವುದು ನನ್ನ ನಿವೃತ್ತ ಜೀವನದ ಹವ್ಯಾಸಗಳಲ್ಲಿ ಒಂದು. ಇಲ್ಲಿ ಸೂರ್ಯ ನೆತ್ತಿಯ ಗೆರೆಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಡಿಸೆಂಬರಿನಲ್ಲಿ ಸುಮಾರು ಹನ್ನೆರಡು ಗಂಟೆ ಹದಿನೆಂಟು ನಿಮಿಷಕ್ಕೆ. ಡಿಸೆಂಬರ್ 21ರ ಸುಮಾರಿಗೆ ಆ ನೆರಳಿನ ಉದ್ದ ಹೆಚ್ಚುಕಡಮೆ 73 ಸೆಂಟಿಮೀಟರ್. ವರ್ಷದಲ್ಲಿ ಅದಕ್ಕಿಂತ ಉದ್ದವಾದ ನಡುಹಗಲ ನೆರಳು ನಮ್ಮೂರಿನಲ್ಲಿ ಬೀಳುವುದಿಲ್ಲ. ಮಕರ ಸಂಕ್ರಾಂತಿಯ ದಿನ ಮತ್ತೆ ಅಳೆದರೆ ನೆರಳು 68 ಸೆಂಟಿಮೀಟರಿಗೆ ಇಳಿದಿರುತ್ತದೆ. ಎಂದರೆ ನಾವು ಎಳ್ಳುಬೆಲ್ಲ ಹಂಚಿ ಉತ್ತರಾಯಣವನ್ನು ಸ್ವಾಗತಿಸುವ ಹೊತ್ತಿಗೆ ಸೂರ್ಯನು ಉತ್ತರಕ್ಕೆ ಹೊರಟು ಆಗಲೇ ಮೂರು ವಾರಗಳು ಮೀರಿರುತ್ತವೆ.

ಈ ಅಂತರ ಎಲ್ಲಿಂದ ಬಂತು? ಭೂಮಿಯ ಅಕ್ಷ ತಿರುಗುವ ಬುಗುರಿಯ ತಲೆಯಂತೆ ಅತಿ ನಿಧಾನವಾಗಿ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 25,800 ವರ್ಷ. ಇದರಿಂದಾಗಿ ಅಯನ ಬಿಂದುಗಳು ನಕ್ಷತ್ರಗಳ ನಡುವೆ ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ ಹಿಂದೆ ಸರಿಯುತ್ತವೆ. ಇದೇ ಅಯನಚಲನೆ. ನಮ್ಮ ಸಂಕ್ರಾಂತಿ ನಕ್ಷತ್ರಗಳನ್ನು ಹಿಡಿದು ನಿಂತ ಹಬ್ಬ. ಅಯನವೋ ಸೂರ್ಯನನ್ನು ಹಿಡಿದು ನಡೆಯುತ್ತದೆ. ಒಮ್ಮೆ ಜೊತೆಯಲ್ಲಿದ್ದ ಇವೆರಡರ ನಡುವೆ ಈಗ 24 ಅಂಶಗಳಷ್ಟು ಅಗಲಿಕೆಯಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅದು ಆ ವರ್ಷದ ಮಕರ ಸಂಕ್ರಾಂತಿ. ಈಗ ನಾವು ಹಬ್ಬ ಮಾಡುವುದು 14ಕ್ಕೋ 15ಕ್ಕೋ. ಹಬ್ಬವೂ ಮೆಲ್ಲಮೆಲ್ಲನೆ ನಡೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷಿ ಬೇಕಿಲ್ಲ.

ಇದು ಪಶ್ಚಿಮದವರು ಬಂದು ನಮಗೆ ತೋರಿಸಿಕೊಟ್ಟ ದೋಷವೆಂದು ಕೆಲವರು ಮುನಿಯುವುದುಂಟು. ಮುನಿಯಬೇಕಾದದ್ದಿಲ್ಲ. ವೇದಾಂಗ ಜ್ಯೋತಿಷದ ಕಾಲಕ್ಕೆ ಸೂರ್ಯನು ಉತ್ತರಕ್ಕೆ ತಿರುಗುತ್ತಿದ್ದುದು ಧನಿಷ್ಠಾ ನಕ್ಷತ್ರದ ಆದಿಯಲ್ಲಿ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಈ ಹಳೆಯ ಮಾತನ್ನು ಸ್ಮರಿಸಿ, ಈಗ ಅಯನಗಳು ಕರ್ಕಾಟಕ ಮತ್ತು ಮಕರಗಳ ಆದಿಯಲ್ಲಿವೆ, ಸಂದೇಹವಿದ್ದರೆ ಪ್ರತ್ಯಕ್ಷವಾಗಿ ಪರೀಕ್ಷಿಸಿ ತಿಳಿಯಬೇಕು ಎಂಬರ್ಥದ ಮಾತನ್ನಾಡಿದ್ದಾನೆ. ಪೂರ್ವಿಕರ ಮಾತನ್ನು ಗೌರವದಿಂದ ಉಲ್ಲೇಖಿಸಿ, ಆಮೇಲೆ ಕಣ್ಣೆತ್ತಿ ಸೂರ್ಯನ ಕಡೆ ನೋಡಿದ ಆ ಧೀರತೆ ನಮ್ಮ ಪರಂಪರೆಯದೇ. ನಮ್ಮ ನಾಡಿನ ಬಾಗಲಕೋಟೆಯಲ್ಲಿ ನೆಲೆಸಿದ್ದ ವೆಂಕಟೇಶ ಬಾಪೂಜಿ ಕೇತಕರರು ‘ಜ್ಯೋತಿರ್ಗಣಿತ’ವನ್ನು ರಚಿಸಿದ್ದೂ, ಲೆಕ್ಕ ಹಾಕಿದ ಗ್ರಹ ಮತ್ತು ಕಣ್ಣಿಗೆ ಕಾಣುವ ಗ್ರಹ ಒಂದೇ ಸ್ಥಾನದಲ್ಲಿರಬೇಕೆಂಬ ಇದೇ ಹಟದಿಂದ. ಸ್ವತಂತ್ರ ಭಾರತದಲ್ಲಿ 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚಿತವಾಯಿತು. ಅದರ ಫಲವಾಗಿ 1957ರ ಮಾರ್ಚ್ 22ರಿಂದ ಜಾರಿಗೆ ಬಂದ ರಾಷ್ಟ್ರೀಯ ಪಂಚಾಂಗದಲ್ಲಿ ಪೌಷ ಮಾಸ ಮೊದಲಾಗುವುದು ಡಿಸೆಂಬರ್ 22ರಂದು, ಸೂರ್ಯನು ತಿರುಗಿದ ಮರುಗಳಿಗೆಯಲ್ಲಿ ಎನ್ನಬಹುದು.

ಬೆಂಗಳೂರಿನವರಿಗೆ ಇದನ್ನೆಲ್ಲ ಒಂದೇ ಕಡೆ ಕಾಣಿಸುವ ಸ್ಥಳವೊಂದಿದೆ. ಗವಿಪುರದ ಗವಿ ಗಂಗಾಧರೇಶ್ವರನ ಗುಹಾಲಯದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯರಶ್ಮಿಯು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವುದನ್ನು ನೋಡಲು ಜನ ಸಾಲುಗಟ್ಟುತ್ತಾರೆ. ಆದರೆ ಆ ಬೆಳಕು ವರ್ಷಕ್ಕೊಮ್ಮೆ ಅಲ್ಲ, ಎರಡು ಸಲ ಒಳಗೆ ಬರುತ್ತದೆ: ಜನವರಿ ಮಧ್ಯದಲ್ಲೊಮ್ಮೆ, ನವೆಂಬರ್ ಕೊನೆಯಲ್ಲೊಮ್ಮೆ. ನವೆಂಬರಿನಲ್ಲಿ ಸೂರ್ಯನು ದಕ್ಷಿಣಕ್ಕೆ ಹೋಗುತ್ತ ಅದೇ ಬಾಗಿಲಲ್ಲಿ ಇಣುಕುತ್ತಾನೆ. ಜನವರಿಯಲ್ಲಿ ಹಿಂದಿರುಗುತ್ತ ಇಣುಕುತ್ತಾನೆ. ಎರಡರ ನಟ್ಟನಡುವೆ ನಿಂತಿರುವುದು ಡಿಸೆಂಬರ್ 21. ನವೆಂಬರಿನ ಸಂಜೆ ಅಲ್ಲಿ ಸಾಲು ಇರುವುದಿಲ್ಲ. ಬೆಳಕು ಮಾತ್ರ ಇರುತ್ತದೆ.

ಇನ್ನು ಗ್ರಹಕೂಟ. 2020ರಲ್ಲಿ ಅಯನದ ದಿನವೂ ಗ್ರಹಸಮಾಗಮವೂ ಕೂಡಿ ಬಂದುವು. ಡಿಸೆಂಬರ್ 21ರಂದು ಗುರು ಮತ್ತು ಶನಿ ಒಂದಕ್ಕೊಂದು ಆರು ಕಲೆಗಳಷ್ಟು ಸಮೀಪ ಕಂಡವು. ಎಂದರೆ ಚಂದ್ರಬಿಂಬದ ಅಗಲದ ಐದನೆಯ ಒಂದು ಭಾಗ. 1623ರ ನಂತರ ಅವು ಇಷ್ಟು ಹತ್ತಿರ ಬಂದಿರಲಿಲ್ಲ. ಆ ಸಲ ಅವು ಸೂರ್ಯನ ಸಮೀಪದಲ್ಲಿದ್ದುದರಿಂದ ಕಾಣುವುದು ಕಷ್ಟವಾಗಿತ್ತು. ಚೆನ್ನಾಗಿ ಕಾಣುವಂಥ ಅಷ್ಟು ನಿಕಟವಾದ ಸಮಾಗಮಕ್ಕೆ 1226ರವರೆಗೆ ಹಿಂದೆ ಹೋಗಬೇಕು. ಗುರುವಿಗೆ ಸೂರ್ಯನನ್ನು ಸುತ್ತಲು ಹನ್ನೆರಡು ವರ್ಷಕ್ಕೆ ತುಸು ಕಡಮೆ, ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ. ವೇಗದವನು ನಿಧಾನದವನನ್ನು ಹಿಂದಿಕ್ಕುವ ಈ ಪ್ರಸಂಗ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ನಡೆಯಲೇಬೇಕು. ಆ ವಾರ ನೈರುತ್ಯದ ಆಕಾಶದಲ್ಲಿ ಅವೆರಡು ಒಂದೇ ಚುಕ್ಕಿಯಂತೆ ತೋರಿದರೂ ಅವುಗಳ ನಡುವೆ ಸುಮಾರು 73 ಕೋಟಿ ಕಿಲೋಮೀಟರ್ ಬಯಲಿತ್ತು. ಭೂಮಿಗೂ ಸೂರ್ಯನಿಗೂ ಇರುವ ದೂರದ ಹೆಚ್ಚುಕಡಮೆ ಐದರಷ್ಟು. ಕೂಟ ಸೇರಿದ್ದು ನಮ್ಮ ಕಣ್ಣಿನಲ್ಲಿ. ಗ್ರಹಗಳಿಗೆ ತಾವು ಕೂಡಿದ್ದೇವೆಂಬ ಸುದ್ದಿಯೇ ಇಲ್ಲ.

ಕೂಟಗಳು ನಾವು ತಿಳಿದಷ್ಟು ಅಪರೂಪವೂ ಅಲ್ಲ. ಬುಧನು ಸೂರ್ಯನಿಂದ 28 ಅಂಶಗಳಾಚೆ ಹೋಗಲಾರನು, ಶುಕ್ರನು 47 ಅಂಶಗಳಾಚೆ ಹೋಗಲಾರನು. ಚಂದ್ರನು ತಿಂಗಳಿಗೊಮ್ಮೆ ಹನ್ನೆರಡು ರಾಶಿಗಳನ್ನೂ ಸುತ್ತಿ ಬರುತ್ತಾನೆ. ಆದ್ದರಿಂದ ಗುರುವೋ ಶನಿಯೋ ಇರುವ ರಾಶಿಗೆ ಸೂರ್ಯನು ಬಂದ ತಿಂಗಳಲ್ಲಿ ನಾಲ್ಕೈದು ಗ್ರಹಗಳು ಒಟ್ಟುಗೂಡುವುದು ಸಹಜ. ಮೇಲೆ ರಾಹು ಕೇತುಗಳನ್ನೂ ಎಣಿಕೆಗೆ ಹಿಡಿಯುತ್ತೇವೆ; ಅವು ಬಿಂಬಗಳಲ್ಲ, ಚಂದ್ರನ ಹಾದಿಯೂ ಸೂರ್ಯನ ಹಾದಿಯೂ ಕತ್ತರಿಸುವ ಬಿಂದುಗಳು. 2019ರ ಡಿಸೆಂಬರಿನಲ್ಲಿ ಧನುಸ್ಸಿನಲ್ಲಿ ಆರು ಸೇರಿದ್ದವು. 2025ರ ಮಾರ್ಚ್ 29ರಂದು, ಯುಗಾದಿಯ ಹಿಂದಿನ ದಿನ, ಮೀನದಲ್ಲಿ ಮತ್ತೆ ಆರು ಸೇರಿದವು.

ಇವುಗಳ ಫಲವೇನು ಎಂಬುದು ಎರಡನೆಯ ಪ್ರಶ್ನೆ. 1962ರ ಫೆಬ್ರವರಿ ಮೊದಲ ವಾರದಲ್ಲಿ ಮಕರ ರಾಶಿಯಲ್ಲಿ ಎಂಟು ಗ್ರಹಗಳು ಕೂಡಿದಾಗ ನಾನು ಓಣಿಯಲ್ಲಿ ಆಡುವ ಮಗು. ಆ ಅಷ್ಟಗ್ರಹ ಕೂಟದ ಕಥೆಯನ್ನು ಹಿರಿಯರ ಬಾಯಿಂದ ಕೇಳಿದವನು. ಪ್ರಳಯವೇ ಆಗುತ್ತದೆಂದು ದೇಶದಾದ್ಯಂತ ಹೋಮಗಳು ನಡೆದವು, ಭಜನೆಗಳು ನಡೆದವು, ಪ್ರಯಾಣಗಳು ನಿಂತವು. ಮೂರು ದಿನಗಳು ಕಳೆದವು. ಎರಡು ವಾರಗಳ ಬಳಿಕ ದೇಶ ಮೂರನೆಯ ಮಹಾಚುನಾವಣೆಗೆ ಸಾಲುಗಟ್ಟಿ ನಿಂತಿತ್ತು. ಆದರೆ ಆ ಅಕ್ಟೋಬರಿನಲ್ಲಿ ಚೀನಾದೊಡನೆ ಯುದ್ಧವಾದಾಗ, ನೋಡಿ, ಕೂಟದ ಫಲ ಎಂದವರಿದ್ದರು. 2019ರ ಷಡ್ಗ್ರಹ ಕೂಟಕ್ಕೆ ಮಹಾಮಾರಿಯನ್ನು ತಳುಕು ಹಾಕಿದವರನ್ನು ನಾನೇ ಕೇಳಿದ್ದೇನೆ. ಮುಂಚೆ ಹೇಳಿದ್ದು ನಡೆಯಲಿಲ್ಲ; ನಡೆದದ್ದನ್ನು ಮುಂಚೆ ಹೇಳಿರಲಿಲ್ಲ. ಇದು ಫಲಭಾಗದ ಸ್ಥಿತಿ. ಗಣಿತಭಾಗವೋ ಗ್ರಹಣದ ಗಳಿಗೆಯನ್ನು ನಿಮಿಷದ ಲೆಕ್ಕದಲ್ಲಿ ವರ್ಷಗಳ ಮೊದಲೇ ಹೇಳಿ, ತಪ್ಪಿದರೆ ಶಿಕ್ಷಿಸಿ ಎಂಬಂತೆ ನಿಂತುಕೊಳ್ಳುತ್ತದೆ.

ಒಂದೇ ದಿನ ಎರಡು ಬಗೆಯಾಗಿ ಫಲಿಸುವುದನ್ನೂ ನಮ್ಮ ಊರು ಕಂಡಿದೆ. 2021ರ ಜನವರಿ 14, ಸಂಕ್ರಾಂತಿ. ಮಕರದಲ್ಲಿ ಸೂರ್ಯ, ಚಂದ್ರ, ಬುಧ, ಗುರು, ಶನಿ, ಐದು ಗ್ರಹಗಳು. ಆ ಸಂಜೆ ಮೋಡ ಕವಿದು ಗವಿ ಗಂಗಾಧರೇಶ್ವರನ ಗುಹೆಯಲ್ಲಿ ರಶ್ಮಿ ಕಾಣಲಿಲ್ಲ; ಇದೇನೋ ಕೇಡಿನ ಸೂಚನೆಯೆಂದು ಮಾತು ಹಬ್ಬಿತು. ಅದೇ ದಿನ ಯಲಚೇನಹಳ್ಳಿಯಿಂದ ನಮ್ಮ ಅಂಜನಾಪುರದ ಕಡೆ ರೇಷ್ಮೆ ಸಂಸ್ಥೆಯವರೆಗಿನ ಮೆಟ್ರೋ ಮಾರ್ಗದ ಉದ್ಘಾಟನೆಯಾಯಿತು. ಹಬ್ಬದ ದಿನ ಒಳ್ಳೆಯದಾಯಿತೆಂದು ನಾವು ಸಂತೋಷಪಟ್ಟೆವು. ಮರುದಿನದಿಂದ ರೈಲು ಓಡತೊಡಗಿತು. ಇಂದಿಗೂ ಓಡುತ್ತಿದೆ.

ಹೀಗೆ ನಗುವುದು ಸುಲಭ. ನಗಲಾಗದ ಸಂಗತಿಯೊಂದನ್ನೂ ಹೇಳಬೇಕು. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ಕಾಸರಗೋಡಿನ ಚೆರುವತ್ತೂರಿನಲ್ಲಿ ಬಂಗಾರದ ಬಳೆಯಂತೆ ಕಂಡಿತು. ಎಷ್ಟೋ ಮಕ್ಕಳು ಸೋಸುಗನ್ನಡಕ ಹಿಡಿದು ಅದನ್ನು ಕಂಡು ಕುಣಿದರು. ಅದೇ ಹೊತ್ತಿನಲ್ಲಿ ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಅವರ ಹೆತ್ತವರೇ ಕತ್ತಿನವರೆಗೆ ಮಣ್ಣಿನಲ್ಲಿ ಹೂತು ಕೂರಿಸಿದ್ದರು. ಗ್ರಹಣಕಾಲದಲ್ಲಿ ಹಾಗೆ ಮಾಡಿದರೆ ಕಾಯಿಲೆ ವಾಸಿಯಾಗುತ್ತದೆಂಬ ನಂಬಿಕೆ. ಆ ತಾಯಂದಿರನ್ನು ಕ್ರೂರಿಗಳೆನ್ನಲು ನನಗೆ ಮನಸ್ಸು ಬಾರದು. ವೈದ್ಯನೂ ನೆರೆಯವನೂ ಕೊಡದ ಭರವಸೆಯನ್ನು ಅವರು ಆಕಾಶದಿಂದ ಬೇಡುತ್ತಿದ್ದರು. ಆಕಾಶಕ್ಕೆ ಅದನ್ನು ಕೊಡುವ ಶಕ್ತಿಯಿಲ್ಲ ಎಂಬುದು ಮಾತ್ರ ನಿಜ.

ಜನ ಗ್ರಹಗಳ ಬಳಿಗೆ ಹೋಗುವುದು ಜ್ಞಾನಕ್ಕಾಗಿಯೇ ಎಂಬುದು ನನಗೆ ಬಹುಕಾಲದ ಸಂದೇಹ. 2020ರ ಆ ಡಿಸೆಂಬರಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗ ಈ ಸಂದೇಹಕ್ಕೆ ಉತ್ತರ ಕೊಟ್ಟಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಖಾಸಗಿ ಶಾಲೆಯೊಂದರಲ್ಲಿ ಉಪಾಧ್ಯಾಯ. ಮಹಾಮಾರಿಯ ದೆಸೆಯಿಂದ ಸಂಬಳ ಅರ್ಧಕ್ಕಿಳಿದಿತ್ತು. ಸಾಲ ಮಾಡಿ ಕಟ್ಟಿಸಿದ ಎರಡು ಕೋಣೆಯ ಮನೆ ನಮ್ಮ ಬಡಾವಣೆಯಲ್ಲಿ ಸಿದ್ಧವಾಗಿತ್ತು. ಆದರೆ ಗುರುವು ಮಕರದಲ್ಲಿ ನೀಚನಾಗಿದ್ದಾನೆ, ಶನಿಯೊಡನೆ ಕೂಡಿದ್ದಾನೆ, ಏಪ್ರಿಲಿನಲ್ಲಿ ಅವನು ಕುಂಭಕ್ಕೆ ಹೋಗುವವರೆಗೆ ಗೃಹಪ್ರವೇಶ ಕೂಡದು ಎಂದು ಯಾರೋ ಹೇಳಿದ್ದರು. ಒಂದು ಕಡೆ ಬ್ಯಾಂಕಿನ ಕಂತು, ಇನ್ನೊಂದು ಕಡೆ ಬಾಡಿಗೆ. ಎರಡನ್ನೂ ನಾಲ್ಕು ತಿಂಗಳು ಕಟ್ಟಿದರೆ ಮನೆಯಲ್ಲಿ ಅಕ್ಕಿಗೆ ಏನು ಗತಿ? “ಸಾರ್, ಅಮ್ಮ ಒಪ್ಪುವುದಿಲ್ಲ. ನೀವೊಮ್ಮೆ ಬಂದು ಮಾತಾಡಿ” ಎಂದ.

ಹೋದೆ. ಆ ತಾಯಿಗೆ ಗುರುವಿನ ವೇಗ, ಶನಿಯ ದೂರ, ಕೋಲಿನ ನೆರಳು ಎಲ್ಲವನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಕಾಫಿಯ ಲೋಟ ಮುಂದಿಟ್ಟು ಹೇಳಿದರು: “ಅಲ್ಲ ಮೇಷ್ಟ್ರೇ, ನನಗೇನು ಗ್ರಹಗಳ ಮೇಲೆ ಹಟವೇ? ನಾಳೆ ಈ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೂ ಸಾಕು, ಮುದುಕಿ ಅವಸರ ಮಾಡಿದಳು ಅಂತಾರೆ. ಆ ಮಾತು ಹೊರೋ ಶಕ್ತಿ ನನಗಿಲ್ಲ.” ನಾನು ಹೊತ್ತು ತಂದಿದ್ದ ಖಗೋಳವೆಲ್ಲ ಅಲ್ಲಿಗೆ ನಿಂತಿತು. ಅವರ ಭಯ ಗುರುವಿನದಲ್ಲ, ಶನಿಯದೂ ಅಲ್ಲ, ನೆಂಟರಿಷ್ಟರ ನಾಲಗೆಯದು. “ಹಾಗಾದರೆ ಆ ಮಾತನ್ನು ನನ್ನ ಮೇಲೆ ಹಾಕಿಬಿಡಿ ತಾಯಿ. ಏನೇ ಆದರೂ ಮೇಷ್ಟ್ರು ಹೇಳಿದರು ಅನ್ನಿ” ಎಂದೆ. ಅವರು ನಕ್ಕರು. ತುಸು ಹೊತ್ತು ಸುಮ್ಮನಿದ್ದು, “ಹೇಗೂ ಸೂರ್ಯ ಆಗಲೇ ತಿರುಗಿದ್ದಾನೆ ಅಂತೀರಿ. ಆದರೆ ಸಂಕ್ರಾಂತಿ ಆಗಲಿ” ಎಂದರು. ಹಬ್ಬದ ಮರುದಿನ ಆ ಮನೆಯಲ್ಲಿ ಹಾಲು ಉಕ್ಕಿತು. ಮೂರು ತಿಂಗಳ ಬಾಡಿಗೆ ಉಳಿಯಿತು. ನಾನು ಆ ತಾಯಿಯ ನಂಬಿಕೆಯನ್ನು ತೆಗೆದುಹಾಕಿದೆನೆಂದು ಹೇಳಲಾರೆ. ಅವರ ಹೊರೆಗೆ ಒಂದು ಹೆಗಲು ಕೊಟ್ಟೆ, ಅಷ್ಟೆ.

ನಿರ್ಧಾರದ ಭಾರವನ್ನು ಒಬ್ಬನೇ ಹೊರಲಾರದವನು ಅದನ್ನು ಗ್ರಹಗಳ ಮೇಲೆ ಇಳಿಸುತ್ತಾನೆ. ಗ್ರಹಗಳು ಬೇಡವೆನ್ನುವುದಿಲ್ಲ; ಅವು ಯಾರ ಮಾತಿಗೂ ಎದುರಾಡವು. ಫಲಜ್ಯೋತಿಷ ಇಷ್ಟು ಕಾಲ ಬಾಳಿಬಂದುದರ ಗುಟ್ಟು ಇದೇ ಇರಬೇಕು. ಕನ್ನಡದಲ್ಲಿ ಅದರ ಬೇರು ಆಳವಾಗಿಯೇ ಇದೆ. ಶ್ರೀಧರಾಚಾರ್ಯನು ‘ಜಾತಕತಿಲಕ’ವನ್ನು ಬರೆದದ್ದು 1049ರಲ್ಲಿ; ಜ್ಯೋತಿಷವನ್ನು ಕನ್ನಡದಲ್ಲಿ ಹೇಳಿದ ಮೊದಲ ಗ್ರಂಥ ಅದು. ಶಾಸ್ತ್ರವನ್ನು ಜನರ ನುಡಿಗೆ ತಂದನೆಂಬ ಕಾರಣಕ್ಕೆ ಸಾಹಿತ್ಯ ಚರಿತ್ರೆ ಅವನನ್ನು ನೆನೆಯುತ್ತದೆ, ನೆನೆಯಬೇಕು. ಮುಂದಿನ ಶತಮಾನದಲ್ಲೇ ಬಸವಣ್ಣನವರು ಅದೇ ಜನರ ನುಡಿಯಲ್ಲಿ ಲಗ್ನಬಲ ತಾರಾಬಲಗಳ ಎಣಿಕೆಯನ್ನು ಒಂದು ವಚನದಲ್ಲಿ ಬದಿಗೆ ಸರಿಸಿ, ನಾಳೆಯನ್ನು ಕಾಯುವುದಕ್ಕಿಂತ ಇಂದೇ ಮೇಲು ಎಂಬ ನಿಲುವನ್ನು ತಾಳಿದರು. ಎರಡೂ ಕನ್ನಡದ ದನಿಗಳೇ. ಒಂದನ್ನು ಓದಿದವರು ಇನ್ನೊಂದನ್ನೂ ಓದಬೇಕು.

ಉತ್ತರಾಯಣವೆಂದರೆ ನಮಗೆ ನೆನಪಾಗುವವನು ಭೀಷ್ಮ. ಕುಮಾರವ್ಯಾಸನು ಗದಾಪರ್ವಕ್ಕೆ ಕಾವ್ಯ ಮುಗಿಸಿದ್ದರಿಂದ ಭೀಷ್ಮನ ಅಂತ್ಯವನ್ನು ಅವನ ಬಾಯಲ್ಲಿ ಕೇಳುವ ಭಾಗ್ಯ ನಮಗಿಲ್ಲ. ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿ ಹೇಳಿದ. ವ್ಯಾಸಭಾರತದಲ್ಲಿ ಆ ಮುದುಕನು ಬಾಣಗಳ ಮೇಲೆ ಐವತ್ತೆಂಟು ರಾತ್ರಿಗಳನ್ನು ಕಳೆದು ಸೂರ್ಯನು ತಿರುಗುವುದನ್ನು ಕಾದನು. ಅವನು ಕಾಲವನ್ನು ಕಾದವನೇ ಹೊರತು ಕಾಲಕ್ಕೆ ಹೆದರಿದವನಲ್ಲ. ಕಾಯುತ್ತ ಸುಮ್ಮನೆಯೂ ಮಲಗಲಿಲ್ಲ. ಬಂಧುಗಳನ್ನು ಕೊಂದ ದುಃಖದಲ್ಲಿ ರಾಜ್ಯವೇ ಬೇಡವೆಂದು ಕುಳಿತಿದ್ದ ಧರ್ಮರಾಯನಿಗೆ ರಾಜಧರ್ಮವನ್ನು ಬೋಧಿಸಿ, ಅವನ ಮನಸ್ಸಿನ ಭಾರವನ್ನು ಇಳಿಸಿದನು. ಭೀಷ್ಮನ ಉತ್ತರಾಯಣದಲ್ಲಿ ನಾವು ಹಿಡಿಯಬೇಕಾದದ್ದು ಮುಹೂರ್ತಕ್ಕಿಂತ ಹೆಚ್ಚಾಗಿ ಈ ಉಪಕಾರವನ್ನು.

ಕೊನೆಯದಾಗಿ, ನನ್ನಿಂದ ಭವಿಷ್ಯವನ್ನು ನಿರೀಕ್ಷಿಸಿ ಕುಳಿತವರಿದ್ದರೆ ಅವರನ್ನು ಬರಿಗೈಯಲ್ಲಿ ಕಳುಹಿಸಲಾರೆ. ಡಿಸೆಂಬರ್ 21 ಅಥವಾ 22ರಂದು ಸೂರ್ಯನು ತಿರುಗುತ್ತಾನೆ. ಅಲ್ಲಿಂದ ಜೂನ್ 21ರವರೆಗೆ ಹಗಲು ಬೆಳೆಯುತ್ತದೆ. ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆಯಷ್ಟು. ಏಪ್ರಿಲ್ 24ರ ಸುಮಾರಿಗೆ ನಡುಹಗಲಿನಲ್ಲಿ ನಿಮ್ಮ ನೆರಳು ನಿಮ್ಮ ಕಾಲಡಿಗೇ ಬಂದು ಸೇರುತ್ತದೆ. 2040ರಲ್ಲಿ ಗುರು ಶನಿಗಳು ಮತ್ತೆ ಸಮೀಪಿಸುತ್ತವೆ. ಅಂದು ಇರುವ ಮಕ್ಕಳು ಮಾಳಿಗೆ ಹತ್ತಿ ನೋಡಲಿ. ಇವಿಷ್ಟೂ ತಪ್ಪದೆ ನಡೆಯುತ್ತವೆ. ಉಳಿದದ್ದು, ಮದುವೆ ಮಾಡುವುದೋ ಮನೆ ಕಟ್ಟುವುದೋ ಚಿಕಿತ್ಸೆಗೆ ಹೋಗುವುದೋ, ನಮ್ಮ ನಮ್ಮ ವಿವೇಕಕ್ಕೆ ಬಿಟ್ಟದ್ದು. ನಿಮ್ಮ ಪಕ್ಕದ ಮನೆಯವರು ಅಂಥದೊಂದು ತೀರ್ಮಾನದ ಮುಂದೆ ಅಳುಕಿ ಕುಳಿತಿದ್ದರೆ, ಗ್ರಹಗಳು ಹೇಳುವ ಮೊದಲು ನೀವೇ ಹೋಗಿ ಒಂದು ಮಾತು ಹೇಳಿ. ಬರುವ ಉತ್ತರಾಯಣ ನಿಮಗೆಲ್ಲ ಒಳಿತಾಗಲಿ.